ಮೇಲಿಂದ ನೋಡಿದರೆ ಬಳೆ

ಹಸಿರು ಬಾಣ ಅವಳ ಕರುಳಿನೊಳಗೆ ಅಡ್ಡಾಡುತ್ತಿತ್ತು. ಐದು ಜನ ಸುತ್ತ ಕೂತು ಒಟ್ಟಿಗೆ ಕಣ್ಣಿಟ್ಟು ನೋಡಬಹುದಾದ ದೊಡ್ಡ ಮೈಕ್ರೋಸ್ಕೋಪು ಅದು. ನಡುವೆ ಕೂತವರು ಒಂದು ಗುಂಡಿ ತಿರುಗಿಸಿದರೆ ಎಲ್ಲರ ಕಣ್ಣಿಗೂ ಒಂದೇ ಸಲಕ್ಕೆ ಬೆಳಕಿನ ಪುಟ್ಟ ಬಾಣ ಕಾಣುತ್ತಿತ್ತು. ಎಲ್ಲಿ ನೋಡಬೇಕೆಂದು ಅದು ಹೇಳುತ್ತಿತ್ತು. ನಡುವೆ ಕೂತವರು ವಿಭಾಗದ ಹಿರಿಯರು. ಮೂಗಿನ ಮೇಲೊಂದು, ಹಣೆಯ ಮೇಲೊಂದು ಕನ್ನಡಕವಿಟ್ಟುಕೊಂಡು ಮೂರನೆಯದಕ್ಕಾಗಿ ಜೇಬು ತಡಕುವ ಅವರಿಗೆ ಬೆನ್ನ ಹಿಂದೆ ಜೋಡಿಕನ್ನಡಕ ಎಂಬ ಹೆಸರಿತ್ತು. ಹೆಸರಿಟ್ಟವಳು ಅವಳೇ, ಈ ವಿಭಾಗಕ್ಕೆ ಡಾಕ್ಟರಾಗಿ ಸೇರಿದ ಹೊಸತರಲ್ಲಿ, ಇನ್ನೊಬ್ಬರ ಒಳಗನ್ನು ಗಾಜಿನ ಮೇಲಿಟ್ಟು ನೋಡುವುದು ದಿನದ ಅನ್ನದಷ್ಟು ಸಲೀಸು ಅನ್ನಿಸುತ್ತಿದ್ದ ದಿನಗಳಲ್ಲಿ. ಈಗ ಬಾಣ ನೇರಳೆ ಬಣ್ಣದ ಬಳೆಗಳ ನಡುವೆ ನುಸುಳಿ, ಒಂದು ಬಳೆಯ ಹತ್ತಿರ ನಿಂತು, ಅದನ್ನು ಸುತ್ತು ಹಾಕಿತು. "ಇಲ್ಲಿ ನೋಡಿ," ಎಂದರು ಹಿರಿಯರು. "ಗ್ರಂಥಿಗಳು ಹೇಗೆ ಕಿಕ್ಕಿರಿದಿವೆ. ನಡುವೆ ಉಸಿರಾಡೋಕೆ ಜಾಗ ಇಲ್ಲ. ನ್ಯೂಕ್ಲಿಯಸ್ಸುಗಳು ನೋಡಿ, ಎಷ್ಟು ಕಪ್ಪು. ಇದು ಬರೀ ಉರಿಯೂತ ಅಲ್ಲ. ಕೆಟ್ಟದ್ದರ ಬಾಗಿಲಿಗೆ ಬಂದು ನಿಂತಿದೆ." ಎದುರು ಕೂತ ಸರ್ಜನ್ ಕಣ್ಣೆತ್ತದೆ ಕೇಳಿದ: "ಹಾಗಾದ್ರೆ ದೊಡ್ಡ ಕರುಳು ಪೂರ್ತಿ ತೆಗೆದುಬಿಡೋದು?" "ಇಷ್ಟು ವರ್ಷದಿಂದ ಬೇನೆ ಇರೋ ಕರುಳಲ್ಲಿ ಹೀಗೆ ಕಂಡ್ರೆ ಮತ್ತಿನ್ನೇನು." "ಪೇಷೆಂಟ್ ಒಪ್ಪಬೇಕಲ್ಲ." "ಪೇಷೆಂಟ್ ವಿದ್ಯಾವಂತರು, ಒಪ್ತಾರೆ." ಪೇಷೆಂಟ್ ಮೈಕ್ರೋಸ್ಕೋಪಿನ ನಾಲ್ಕನೆಯ ಕೊಳವೆಗೆ ಕಣ್ಣಿಟ್ಟು ಅಲ್ಲೇ ಕೂತಿದ್ದಳು. ಆ ಹೊತ್ತಿಗೇ ಸರಿಯಾಗಿ ಅವಳ ಹೊಟ್ಟೆ ಗುಳುಗುಳು ಎಂದಿತು. ಸದ್ದು ಮುಚ್ಚಲು ಅವಳು ಕುರ್ಚಿಯನ್ನು ಕಿರ್ರೆಂದು ಹಿಂದಕ್ಕೆಳೆದಳು. ವರ್ಷಗಟ್ಟಲೆಯ ಅಭ್ಯಾಸ ಅದು. ಕೆಮ್ಮು, ಕುರ್ಚಿ, ಕಾಗದ ಮಡಚುವುದು, ಏನಾದರೊಂದು.

ಇಲ್ಲೇ ಕೆಲಸ ಮಾಡುವವರ ದೇಹದ ತುಣುಕು ಪರೀಕ್ಷೆಗೆ ಬಂದರೆ ಅದಕ್ಕೆ ಹೆಸರಿರುವುದಿಲ್ಲ, ಬರೀ ಸಂಖ್ಯೆ ಎಂಬುದು ಈ ವಿಭಾಗದ ಕಟ್ಟಳೆ. ಮರ್ಯಾದೆಗಾಗಿ ಮಾಡಿದ್ದು. ಆದರೆ ಮೂರು ಕೋಣೆ, ಒಂದು ಮೊಗಸಾಲೆ ಇರುವ ಜಾಗದಲ್ಲಿ ಸಂಖ್ಯೆ ಯಾರದೆಂದು ಯಾರಿಗೆ ತಾನೇ ಗೊತ್ತಿಲ್ಲ? ಗೊತ್ತಿಲ್ಲದವರ ಹಾಗೆ ಇರುವುದೇ ಮರ್ಯಾದೆಯಾಯಿತು. ಅವಳು ಬಂದರೆ ಟೀ ಲೋಟಗಳು ಮೆಲ್ಲಗೆ ಕೆಳಗಿಳಿಯುತ್ತಿದ್ದವು, ಮಾತು ಹವಾಮಾನದ ಕಡೆಗೆ ಹೊರಳುತ್ತಿತ್ತು. ಕರುಳಿಗೆ ಕೊಳವೆ ಹಾಕಿ ನೋಡಿ ತುಣುಕು ತೆಗೆದ ದಿನವೂ ಹಾಗೇ. ಹಿಂದುಗಡೆ ತೆರೆದ ಹಸಿರು ಅಂಗಿ ತೊಟ್ಟು, ಎಡಮಗ್ಗುಲಾಗಿ ಮೊಣಕಾಲು ಎದೆಗೆ ಮಡಚಿ ಮಲಗಿದಾಗ, ದಿನಾ ಬೆಳಿಗ್ಗೆ ಬಾಗಿಲಲ್ಲಿ ನಕ್ಕು ನಮಸ್ಕಾರ ಹೇಳುವ ಅಟೆಂಡರು ಗೋಡೆಯ ಕಡೆ ಮುಖ ತಿರುಗಿಸಿ ನಿಂತಿದ್ದ. ಅವನು ನೋಡಿದ್ದರೂ ಅಷ್ಟು ಸುಡುತ್ತಿರಲಿಲ್ಲ. ನೋಡದೆ ನಿಂತ ಆ ಸಭ್ಯ ಬೆನ್ನು ಇವತ್ತಿಗೂ ಅವಳ ಕಣ್ಣಿನ ಮೂಲೆಯಲ್ಲಿ ನಿಂತೇ ಇತ್ತು.

"ಸಂಜೆಗೆ ಸಹಿ ಹಾಕಿ ಕಳಿಸ್ತೀನಿ," ಎಂದು ಹಿರಿಯರು ದೀಪ ಆರಿಸಿದರು. ಬಳೆಗಳು ಕತ್ತಲಾದವು. ಮೊಗಸಾಲೆಯಲ್ಲಿ ನಡೆಯುವಾಗ ಅವಳಿಗೆ ಅವು ಕಣ್ಣೊಳಗೇ ಉಳಿದಿವೆ ಅನ್ನಿಸಿತು. ಗೋಡೆ ನೋಡಿದರೆ ಗೋಡೆಯ ಮೇಲೆ, ನೆಲ ನೋಡಿದರೆ ನೆಲದ ಮೇಲೆ. ಬಳೆಗಳಲ್ಲ ಅವು, ಬಾವಿಗಳು ಎಂದು ಬಾಯಿಬಿಟ್ಟು ಹೇಳಬೇಕಿತ್ತು. ಕರುಳಿನ ಒಳಪದರ ಎಂದರೆ ಬಾವಿಗಳ ಊರು. ಒಂದರ ಪಕ್ಕ ಒಂದು, ಕೊಳವೆಯ ಹಾಗೆ ನೆಟ್ಟಗೆ ಇಳಿದ ಲಕ್ಷೋಪಲಕ್ಷ ಗ್ರಂಥಿಗಳು. ಪ್ರತಿಯೊಂದರ ತಳದಲ್ಲೂ ಹುಟ್ಟುವ ಕೋಶಗಳಿವೆ, ಒತ್ತೊತ್ತಾಗಿ, ಕಪ್ಪಗೆ, ಒಂದು ಎರಡಾಗುತ್ತ. ಹುಟ್ಟಿದವು ಗೋಡೆ ಹಿಡಿದು ಮೇಲೇರುತ್ತವೆ. ಏರುತ್ತ ಏರುತ್ತ ಕೆಲವು ಲೋಳೆಯ ಗಡಿಗೆ ಹೊತ್ತು ದುಂಡಗಾಗುತ್ತವೆ, ಕೆಲವು ನೀರೆಳೆಯುವ ಕೆಲಸ ಕಲಿಯುತ್ತವೆ, ಎಲ್ಲವೂ ತೆಳುವಾಗಿ ಶಾಂತವಾಗುತ್ತವೆ. ನಾಲ್ಕೈದು ದಿನದಲ್ಲಿ ಬಾವಿಕಟ್ಟೆ ಮುಟ್ಟಿ ಉದುರಿಹೋಗುತ್ತವೆ. ತಳದಲ್ಲಿ ಎಲ್ಲರೂ ಕೂಸುಗಳೇ. ಕೂಸುಗಳ ಗಲಾಟೆ ಕೇಳಿ ಮನೆಯೇ ಕೆಟ್ಟಿದೆ ಎನ್ನುತ್ತಾರೆಯೇ ಯಾರಾದರೂ? ಕೆಟ್ಟಿದೆಯೋ ಇಲ್ಲವೋ ತಿಳಿಯಬೇಕಾದರೆ ಮೇಲಕ್ಕೆ ಬಂದವು ಹೇಗಾಗಿವೆ ನೋಡಬೇಕು. ಕಟ್ಟೆಯ ತನಕವೂ ಕಪ್ಪಗೆ ಒತ್ತಿಕೊಂಡೇ ಬಂದರೆ ಕೆಡುಕು. ಬರುಬರುತ್ತ ಬೆಳೆದಿದ್ದರೆ, ಗಾಯ ಮಾಯುತ್ತಿದೆ ಎಂದರ್ಥ, ಅಷ್ಟೇ. ಆದರೆ ಆ ಗಾಜಿನ ಮೇಲೆ ಮೇಲು ಕೆಳಗು ಎಂಬುದೇ ಇರಲಿಲ್ಲ. ಪೊರೆಪೊರೆಯಾಗಿ ಕೊಯ್ಯಲೆಂದು ಹುದುಗಿಸಿದ ಮೇಣದಲ್ಲಿ ತುಣುಕು ಅಂಗಾತ ಮಲಗಿತ್ತು, ಚಾಕು ಬಾವಿಗಳ ತಳವನ್ನೇ ಅಡ್ಡಡ್ಡ ಕೊಯ್ದಿತ್ತು, ಅದಕ್ಕೇ ಎಲ್ಲವೂ ಬಳೆ. ಇದನ್ನು ಹಿರಿಯರಿಗೆ ಹೇಳಿಕೊಡಬೇಕಾದ್ದಿಲ್ಲ, ಹೇಳಿಕೊಟ್ಟವರೇ ಅವರು. ಆದರೆ ಬೇನೆಯ ಕರುಳು, ವಯಸ್ಸು, ವರ್ಷಗಳು, ಎಲ್ಲ ಕೂಡಿ ಅವರ ಕಣ್ಣಿಗೆ ಮೊದಲೇ ಉತ್ತರ ಸಿಕ್ಕಿತ್ತು. ಅಥವಾ ಅವಳ ಕಣ್ಣಿಗೆ ಸಿಕ್ಕಿತ್ತೋ? "ಸ್ವಲ್ಪ ಸರಿಯಾಗಿ ನೋಡಿ ಡಾಕ್ಟ್ರೇ, ತಪ್ಪಿರಬಹುದು," ಎಂದು ಎಷ್ಟು ಜನ ಇದೇ ಮೊಗಸಾಲೆಯಲ್ಲಿ ಅವಳ ಮುಂದೆ ಕೈ ಹಿಸುಕಿಕೊಂಡಿಲ್ಲ. ಭಯಕ್ಕೆ ಕಣ್ಣು ಬಂದರೆ ಅದು ತನಗೆ ಬೇಕಾದ್ದನ್ನೇ ನೋಡುತ್ತದೆ ಎಂದು ಅವರ ಬಗ್ಗೆ ಅವಳು ಯೋಚಿಸುತ್ತಿದ್ದಳು. ಸಾಕಷ್ಟು ಕನಿಕರದಿಂದಲೇ.

ಬಾವಿಯ ಕಥೆ ಅಜ್ಜಿಯದು. ಚಿಕ್ಕಂದಿನಲ್ಲೂ ಹೊಟ್ಟೆ ನೋವು ಬಂದರೆ ಅಜ್ಜಿ ಅವಳ ಹೊಕ್ಕುಳ ಮೇಲೆ ಅಂಗೈ ಇಟ್ಟು, ಅಂಗೈಯ ಬಿಸಿ ಇಳಿಯುವ ತನಕ ಕಥೆ ಹೇಳುತ್ತಿದ್ದಳು. ಒಂದೂರಲ್ಲಿ ಒಬ್ಬ ಕಿರಿಸೊಸೆ, ಅವಳ ಓರಗಿತ್ತಿಯರು ಸೇರಿ ನೀರಿಗೆಂದು ಕರೆದುಕೊಂಡು ಹೋಗಿ ಹಾಳುಬಾವಿಗೆ ನೂಕಿದರು. ರಾಜ ಬಂದ, ಬಗ್ಗಿ ನೋಡಿದ. ಮೇಲಿಂದ ಕಂಡಿದ್ದು ಒಂದು ಕಪ್ಪು ಬಳೆ, ಬಳೆಯೊಳಗೆ ಏನೋ ಮಿಸುಕಾಡುತ್ತಿದೆ. ಭೂತ ಇದೆ, ಮುಚ್ಚಿಸಿಬಿಡಿ ಎಂದ. ಆಗ ಒಳಗಿಂದ ಅವಳು ಕೂಗಿದಳಂತೆ: ಬಗ್ಗಿ ನೋಡಿದವರಿಗೆ ನಾನು ಭೂತ, ಇಳಿದು ನೋಡಿದವರಿಗೆ ನಾನು ಸೊಸೆ. "ಆಮೇಲೆ ರಾಜ ಇಳಿದನಾ ಅಜ್ಜೀ?" "ರಾಜ ಎಲ್ಲಾದ್ರೂ ಇಳೀತಾನಾ, ಬಟ್ಟೆ ಕೊಳೆಯಾಗಲ್ವಾ?" "ಮತ್ತೆ ಯಾರು ಇಳಿದ್ರು?" ಅಜ್ಜಿ ಅಂಗೈಯನ್ನು ಇನ್ನಷ್ಟು ಒತ್ತುತ್ತಿದ್ದಳು. "ಯಾರೂ ಇಳೀಲಿಲ್ಲ ಮಗಾ. ಅವಳೇ ಹತ್ತಿಕೊಂಡು ಬಂದ್ಲು." ಹೇಗೆ ಎಂದು ಕೇಳುವಷ್ಟರಲ್ಲಿ ನಿದ್ದೆ ಬಂದಿರುತ್ತಿತ್ತು. ಮೊದಲ ಸಲ ಕಾಲೇಜಿನಲ್ಲಿ ಸಣ್ಣ ಕರುಳಿನ ಗ್ರಂಥಿಯೊಂದನ್ನು ನೆಟ್ಟಗೆ ಕೊಯ್ದದ್ದನ್ನು ನೋಡಿದಾಗ, ತಳದಲ್ಲಿ ಕೆಂಪು ಕಾಳು ತುಂಬಿಕೊಂಡ ಕಾವಲಿನ ಕೋಶಗಳು ನಿಧಿ ಕಾಯುವ ಹಾವುಗಳ ಹಾಗೆ ಹೆಡೆ ಬಿಚ್ಚಿ ಕೂತಿರುವುದನ್ನು ಕಂಡಾಗ, ಅವಳು ತರಗತಿಯಲ್ಲೇ "ಓ!" ಎಂದುಬಿಟ್ಟಿದ್ದಳು. ಎಲ್ಲರೂ ನಕ್ಕಿದ್ದರು. ಅಜ್ಜಿ ಆಗ ಇರಲಿಲ್ಲ.

ಫೋನು ನಡುಗಿತು. ಅಮ್ಮ. "ಏನಂದ್ರು ನಿಮ್ಮ ದೊಡ್ಡವರು?" "ಇನ್ನೂ ನೋಡ್ತಿದಾರೆ ಅಮ್ಮ." "ನೋಡೋದೇನಿದೆ, ನಿಮ್ಮಕ್ಕನೂ ಅದನ್ನೇ ಹೇಳಿದ್ಲು, ಹೋಗ್ಲಿ ಅಂದ್ಕೊಂಡು ತೆಗೆಸಿಬಿಡು ಅಂತ. ಹೊಟ್ಟೆ ಮೇಲೆ ಚೀಲ ಕಟ್ಟಿಕೊಂಡು ಓಡಾಡೋರು ಎಷ್ಟು ಜನ ಇಲ್ಲ?" "ಇದ್ದಾರೆ ಅಮ್ಮ. ಆರಾಮಾಗಿದ್ದಾರೆ. ತೆಗೀಲೇಬೇಕು ಅಂದ್ರೆ ನಾನೂ ಇರ್ತೀನಿ. ತೆಗೀಬೇಕಾ ಅನ್ನೋದೇ ಪ್ರಶ್ನೆ." "ನಿಂಗೆ ಮೊದಲಿಂದ್ಲೂ ಎದುರುತ್ತರ ಕೊಡೋದೇ ಅಭ್ಯಾಸ. ಈಗ ನಿನ್ನ ಕರುಳೂ ಅದನ್ನೇ ಕಲಿತಿದೆ." ಅಷ್ಟು ಹೇಳಿ ಅಮ್ಮ ಮೂಗೊರೆಸಿಕೊಳ್ಳುವ ಸದ್ದು ಬಂತು. "ಊಟ ಮಾಡಿದ್ಯಾ?" ಮಾಡಿದೆ ಎಂದು ಸುಳ್ಳು ಹೇಳಿದಳು. ಎಲ್ಲರ ಜೊತೆ ಕೂತು ಉಂಡು ತಿಂಗಳುಗಳಾಗಿದ್ದವು. ಉಂಡ ಅರ್ಧ ಗಳಿಗೆಗೆ ಹೊಟ್ಟೆ ಮಾತಾಡಲು ಶುರುಮಾಡುತ್ತದೆ, ಎದ್ದು ಓಡಬೇಕಾಗುತ್ತದೆ, ಓಡುವವಳ ಹಿಂದೆ ಮೌನ ಬೆಳೆಯುತ್ತದೆ. ಅದಕ್ಕಿಂತ ಉಪವಾಸವೇ ಮೇಲು.

ಅವಳ ಕಾಲು ತಾನಾಗಿ ಮೇಣದ ಕೋಣೆಗೆ ಬಂದು ನಿಂತಿತು. ಬಾಗಿಲು ತೆರೆದಿತ್ತು. ಒಳಗೆ ಕರಗಿದ ಮೇಣದ ಬೆಚ್ಚನೆಯ ವಾಸನೆ, ತಣ್ಣನೆಯ ತಟ್ಟೆಯ ಮೇಲೆ ಸಾಲಾಗಿ ಗಟ್ಟಿಯಾಗುತ್ತಿರುವ ಬಿಳಿ ಬಿಲ್ಲೆಗಳು, ಒಂದೊಂದರೊಳಗೂ ಯಾರದೋ ಒಂದು ಚೂರು. ಈ ಬಾಗಿಲನ್ನು ತುಣುಕು ಬಂದ ದಿನ ಮಧ್ಯಾಹ್ನ ಹಾಕಿಕೊಂಡವಳು ಅವಳೇ. ಇಲ್ಲಿಯ ಕೆಲಸದಾಕೆಯನ್ನು ಎಲ್ಲರೂ ಮೇಣದಕ್ಕ ಎನ್ನುತ್ತಾರೆ. ಬಾಯಿ ಮುಚ್ಚದ ಹೆಂಗಸು, ಚಿಮಟದಲ್ಲಿ ತುಣುಕನ್ನೆತ್ತಿ ದೀಪಕ್ಕೆ ಹಿಡಿದು "ಯಾರಪ್ಪಾ ನೀನು, ಏನು ತಿಂದಿದ್ಯೋ" ಎಂದು ಮಾತಾಡಿಸದೆ ಅಚ್ಚಿಗೆ ಇಳಿಸುವವಳೇ ಅಲ್ಲ. ಆ ತಮಾಷೆಗೆ ಅವಳು ಎಷ್ಟು ಸಲ ನಕ್ಕಿದ್ದಳು. ಆದರೆ ತನ್ನ ತುಣುಕು ಹಾಗೆ ದೀಪಕ್ಕೆ ಹಿಡಿಯಲ್ಪಡುವುದನ್ನು ನೆನೆದು, ಎಳ್ಳುಕಾಳಿನಷ್ಟೇ ಇದ್ದರೂ ಅದು ತನ್ನ ಬತ್ತಲೆ ಎಂದು ನಾಚಿ, ಮೇಣದಕ್ಕ ಊಟಕ್ಕೆ ಹೋದ ಹೊತ್ತಿನಲ್ಲಿ ಒಳಗೆ ಬಂದು ಚಿಲಕ ಹಾಕಿದ್ದಳು. ತನ್ನದನ್ನು ತಾನು ಮುಟ್ಟಕೂಡದು. ಅದು ಇಲ್ಲಿಯ ಮೊದಲ ಕಟ್ಟಳೆ. ತುಣುಕನ್ನು ಮೇಣದಲ್ಲಿ ಅಂಚಿನ ಮೇಲೆ ನಿಲ್ಲಿಸಬೇಕು, ಕಪಾಟಿನಲ್ಲಿ ಪುಸ್ತಕ ನಿಲ್ಲಿಸಿದ ಹಾಗೆ, ಅದು ಎರಡನೆಯದು. ಹೊಸಬರಿಗೆಲ್ಲ ಅದನ್ನು ಕಲಿಸಿದವಳು ಅವಳು. ನಿಲ್ಲಿಸಿಯೂ ಇದ್ದಳು. ಅಷ್ಟರಲ್ಲಿ ಯಾರೋ ಬಾಗಿಲು ಬಡಿದರು. ಚಿಮಟ ನಡುಗಿತು, ತುಣುಕು ವಾಲಿ ಮಲಗಿತು, ಮೇಣ ನೋಡನೋಡುತ್ತಿದ್ದಂತೆ ಬೆಳ್ಳಗಾಯಿತು. ಮತ್ತೆ ಕರಗಿಸಲು ಎರಡು ನಿಮಿಷ ಸಾಕಿತ್ತು. ಆದರೆ ಬಾಗಿಲು ತೆರೆಯುವುದು ಅವಳಿಗೆ ಆಗ ಕರುಳಿಗಿಂತ ದೊಡ್ಡದಾಗಿತ್ತು. ನಾಚಿಕೆ ಎಂಬುದು ಎಂಥ ಸೊಗಸಾದ ಓರಗಿತ್ತಿ. ನೀರಿಗೆ ಹೋಗೋಣ ಬಾ ಎಂದು ಕೈ ಹಿಡಿದು ಕರೆಯುತ್ತದೆ.

"ಬನ್ನಿ ಮೇಡಂ, ಯಾಕೆ ಬಾಗಿಲಲ್ಲೇ ನಿಂತ್ರಿ, ನೆಂಟರ ಥರ," ಎಂದಳು ಮೇಣದಕ್ಕ. ಅವಳು ತನ್ನ ತುಣುಕಿನ ಸಂಖ್ಯೆ ಹೇಳಿದಳು. ಮೇಣದಕ್ಕನ ಕೈ ನಿಂತಿತು. ಕೇಳಬಾರದ್ದನ್ನು ಕೇಳಿದವಳಂತೆ ಸುತ್ತ ನೋಡಿ, ಖಾನೆಯಿಂದ ಬಿಲ್ಲೆ ತೆಗೆದು ಅಂಗೈಯಲ್ಲಿಟ್ಟಳು. "ಇದರಲ್ಲಿ ಉಳಿದಿರೋದು ಉಗುರು ಕತ್ತರಿಸಿದ ಚೂರಿನಷ್ಟು. ಏನ್ಮಾಡ್ಬೇಕು?" "ಕರಗಿಸಿ, ಎಬ್ಬಿಸಿ ನಿಲ್ಲಿಸಿ, ಮತ್ತೆ ಕೊಯ್ಯಬೇಕು." "ಒಂದೆರಡು ಪೊರೆ ಬಂದ್ರೆ ಪುಣ್ಯ. ಬರ್ದೇನೂ ಇರಬಹುದು. ಆಮೇಲೆ ಖಾಲಿ ಮೇಣ ಇಟ್ಕೊಂಡು ದೀಪ ಹಚ್ಚಬೇಕಷ್ಟೇ." ತನ್ನ ತಮಾಷೆಗೆ ತಾನೇ ನಗಲು ಹೋಗಿ ನಿಲ್ಲಿಸಿದಳು. "ದೊಡ್ಡವರು ಹೇಳಿದ್ದಾರಾ? ಅವರ ಮಾತಿಲ್ದೆ ಮೇಣ ಕರಗಿಸಿದ್ರೆ ನನ್ನ ಕೆಲಸಾನೂ ಕರಗುತ್ತೆ ಮೇಡಂ." ಅಪಾಯ ಅವಳಿಗೆ ಗೊತ್ತಿತ್ತು. ಪೊರೆ ಸಿಗದಿದ್ದರೆ ಉಳಿಯುವುದು ಆ ಹಳೆಯ ಗಾಜು ಒಂದೇ, ಅದು ಹೇಳಿದ್ದೇ ಕೊನೆಯ ಮಾತು. ಮತ್ತೆ ಕೊಳವೆ ಹಾಕಿ ಬೇರೆ ತುಣುಕು ತರಬಹುದು, ಆದರೆ ಅದು ಬೇರೆ ಜಾಗದ್ದು. ಈ ಜಾಗ ಏನು ಹೇಳಿತು ಎಂಬುದಕ್ಕೆ ಅದು ಉತ್ತರವಾಗುವುದಿಲ್ಲ. ಮೇಣದಕ್ಕ ಬಿಲ್ಲೆಯನ್ನು ಮೇಜಿನ ಮೇಲಿಟ್ಟು, ಬೇಕೆಂದೇ ಏನೋ, "ಕೈ ತೊಳ್ಕೊಂಡು ಬರ್ತೀನಿ" ಎಂದು ಹೊರಗೆ ಹೋದಳು. ಬಿಲ್ಲೆ ಅಲ್ಲಿತ್ತು. ಚಿಮಟ ಅಲ್ಲಿತ್ತು. ಚಿಲಕವೂ ಅಲ್ಲೇ ಇತ್ತು. ಅವಳ ಕೈ ಚಿಲಕದ ತನಕ ಹೋಯಿತು. ಕಬ್ಬಿಣ ತಣ್ಣಗಿತ್ತು. ಇನ್ನೊಂದು ಸಲವೇ? ತನ್ನ ಒಳಗನ್ನು ತಾನೇ ಕದಿಯುವ ಕಳ್ಳಿಯ ಹಾಗೆ, ಬಾಗಿಲು ಹಾಕಿಕೊಂಡು, ಉಸಿರು ಬಿಗಿಹಿಡಿದು? ಏನು ತಪ್ಪು ಮಾಡಿದೆ ಈ ಕರುಳು, ಹೀಗೆ ಮುಚ್ಚಿಕೊಂಡು ತಿರುಗಲು? ಅವಳು ಬಾಗಿಲನ್ನು ಗೋಡೆಗೆ ತಾಗುವಷ್ಟು ಅಗಲಕ್ಕೆ ತೆರೆದು, ಬಿಲ್ಲೆಯನ್ನು ಮುಟ್ಟದೆ, ಹಿರಿಯರ ಕೋಣೆಗೆ ನಡೆದಳು.

ಅಲ್ಲಿ ಸರ್ಜನ್ ಇನ್ನೂ ಕೂತಿದ್ದ. ಒಳ್ಳೆಯದೇ ಆಯಿತು ಅನ್ನಿಸಿತು. "ಸಾರ್, ಆ ತುಣುಕನ್ನ ಮೇಣದಲ್ಲಿ ಇಳಿಸಿದ್ದು ಮೇಣದಕ್ಕ ಅಲ್ಲ. ನಾನು." ಹಿರಿಯರು ಹಣೆಯ ಕನ್ನಡಕವನ್ನು ಮೂಗಿಗಿಳಿಸಿ, ಮೂಗಿನದನ್ನು ಕೈಗೆ ತೆಗೆದುಕೊಂಡರು. "ನೀವು? ನಿಮ್ಮದನ್ನ ನೀವೇ?" 'ನಿಮ್ಮದು' ಎಂದು ಮೊದಲ ಸಲ ಯಾರೋ ಬಾಯಿಬಿಟ್ಟು ಹೇಳಿದ್ದರು. ಅವಳ ಎದೆ ಹಗುರಾಯಿತು. "ಹೌದು ಸಾರ್. ಬಾಗಿಲು ಹಾಕ್ಕೊಂಡು. ನಾಚಿಕೆ ಆಗ್ತಿತ್ತು. ಕೈ ಜಾರಿತು, ಅಂಗಾತ ಬಿತ್ತು, ಹಾಗೇ ಬಿಟ್ಟೆ. ಈಗ ನೀವು ನೋಡಿದ್ದು ಬರೀ ಬಾವಿಯ ತಳ." "ತಳ ಅಂತ ನಂಗೂ ಗೊತ್ತಮ್ಮ. ತಳವೇ ಇಷ್ಟು ಕಪ್ಪಗಿದ್ರೆ?" "ತಳ ಕಪ್ಪಗೇ ಇರುತ್ತೆ ಅಂತ ಹೇಳಿಕೊಟ್ಟೋರು ನೀವು." "ಇದು ಭಯ ಮಾತಾಡ್ತಿರೋದು," ಎಂದರು ಅವರು, ಮೆತ್ತಗೆ. ಆ ಮೆತ್ತನೆಯ ದನಿಯೇ ಅವಳನ್ನು ಕೆರಳಿಸಿತು. "ಹೌದು ಸಾರ್, ಭಯಾನೇ. ನಂಗೆ ಭಯ ಇದೆ ಅನ್ನೋ ಕಾರಣಕ್ಕೆ ತುಣುಕು ನೆಟ್ಟಗೆ ನಿಂತಿತ್ತು ಅಂತ ಆಗಲ್ವಲ್ಲ." ಸರ್ಜನ್ ಗಂಟಲು ಸರಿಮಾಡಿಕೊಂಡ. "ಕೊಯ್ಯೋಕೆ ಹೋಗಿ ತುಣುಕು ಮುಗಿದುಹೋದ್ರೆ?" "ಮುಗಿದ್ರೆ ಈ ಗಾಜಿನ ಮಾತೇ ಮಾತು. ನಿಮ್ಮ ಟೇಬಲ್ ಮೇಲೆ ಬಂದು ಮಲಗ್ತೀನಿ, ತುಟಿಪಿಟಕ್ ಅನ್ನಲ್ಲ. ಆದ್ರೆ ಒಂದು ಸಲ ಪಕ್ಕದಿಂದ ನೋಡದೆ ನನ್ನ ಕರುಳನ್ನ ಯಾರಿಗೂ ಕೊಡಲ್ಲ." "ನಿಯಮ ಮುರಿದಿದ್ದಕ್ಕೆ ವಿವರಣೆ ಬರೆದುಕೊಡಬೇಕಾಗುತ್ತೆ." "ಕೊಡ್ತೀನಿ ಸಾರ್. ಮಲಗಿಸಿದ್ದು ನಾನು. ನಿಲ್ಲಿಸಿ ಅಂತ ಕೇಳ್ತಿರೋಳೂ ನಾನೇ." ಹಿರಿಯರು ಬಹಳ ಹೊತ್ತು ಕನ್ನಡಕ ಒರೆಸಿದರು. "ನಿಮ್ಮ ಕೈ ಮಾತ್ರ ಅದರ ಹತ್ತಿರ ಸುಳೀಬಾರದು," ಎಂದರು ಕೊನೆಗೆ.

ಅವಳು ಬೆನ್ನ ಹಿಂದೆ ಕೈ ಕಟ್ಟಿ ನಿಂತಳು. ಬಾಗಿಲು ತೆರೆದೇ ಇತ್ತು. ಒಬ್ಬೊಬ್ಬರಾಗಿ ಬಂದು ಇಣುಕಿದರು, ಅವಳು ಯಾರನ್ನೂ ಹೋಗಿ ಎನ್ನಲಿಲ್ಲ. ಮೇಣ ಕರಗಿ ಎಣ್ಣೆಯಂತಾಯಿತು. ಮೇಣದಕ್ಕ ಚಿಮಟದ ತುದಿಯಲ್ಲಿ ತುಣುಕನ್ನೆತ್ತಿ ದೀಪಕ್ಕೆ ಹಿಡಿದಳು, ಅಭ್ಯಾಸಬಲ. ಬಾಯಿಗೆ ಬಂದದ್ದನ್ನು ನುಂಗಿ ಅವಳ ಕಡೆ ನೋಡಿದಳು. "ಮಾತಾಡಿಸಿ ಅಕ್ಕ," ಎಂದಳು ಅವಳು, "ಸಂಕೋಚ ಯಾಕೆ." "ಎದ್ದೇಳು ತಾಯಿ," ಎಂದಳು ಮೇಣದಕ್ಕ ತುಣುಕಿಗೆ, "ಎಷ್ಟು ಹೊತ್ತು ಮಲಗ್ತೀಯಾ, ಹಗಲು ಹೊತ್ತಿನಲ್ಲಿ." ಯಾರೋ ಕಿಸಕ್ಕೆಂದರು. ಅವಳೂ ನಕ್ಕಳು, ನಗುವಾಗ ಹೊಟ್ಟೆ ನೋಯಿತು. ಗಟ್ಟಿಯಾದ ಬಿಲ್ಲೆಯನ್ನು ಯಂತ್ರಕ್ಕೆ ಸಿಕ್ಕಿಸಿ ಚಕ್ರ ತಿರುಗಿಸಿದಾಗ ಚಾಕುವಿನ ಅಂಚಿನಿಂದ ಮೇಣದ ಪಟ್ಟಿ ರಿಬ್ಬನ್ನಿನಂತೆ ಇಳಿಯಿತು. ಖಾಲಿ ಪಟ್ಟಿ. ಮತ್ತೆ ಖಾಲಿ. ಇನ್ನೂ ಖಾಲಿ. ಆಮೇಲೆ ಪಟ್ಟಿಯ ನಡುವೆ ಒಂದು ಮಂಜಿನ ಗೆರೆ, ಪಕ್ಕದಲ್ಲಿ ಇನ್ನೊಂದು, ಇನ್ನೊಂದು. ಅಷ್ಟೇ, ಮತ್ತೆ ಬರೀ ಮೇಣ. "ಮುಗೀತು," ಎಂದಳು ಮೇಣದಕ್ಕ. ಬಿಲ್ಲೆಯಲ್ಲಿ ಅವಳದ್ದೇನೂ ಉಳಿದಿರಲಿಲ್ಲ. ಆ ಮಂಜಿನ ಗೆರೆಗಳನ್ನು ಬೆಚ್ಚನೆಯ ನೀರಿನ ಮೇಲೆ ತೇಲಿಬಿಟ್ಟಾಗ ಅವು ನಿಧಾನವಾಗಿ ಸುಕ್ಕು ಬಿಚ್ಚಿಕೊಂಡು ಹರಡಿದವು, ಒಗೆದು ಹರವಿದ ಯಾವುದೋ ಬೊಂಬೆಯ ಸೀರೆಯ ಹಾಗೆ.

ಬಣ್ಣ ಹತ್ತಿ, ಒಣಗಿ, ಗಾಜು ಮೈಕ್ರೋಸ್ಕೋಪಿನ ಕೆಳಗೆ ಬರುವಷ್ಟರಲ್ಲಿ ಕಿಟಕಿಯ ಬಿಸಿಲು ಮೇಜು ದಾಟಿತ್ತು. ಮತ್ತೆ ಅದೇ ಕುರ್ಚಿಗಳು. ಹಿರಿಯರ ಕೈ ಗುಂಡಿಯ ಮೇಲಿತ್ತು. "ಪೇಷೆಂಟಿನ..." ಎಂದು ಶುರುಮಾಡಿದರು. "ಪೇಷೆಂಟಿನದಲ್ಲ ಸಾರ್, ನನ್ನದು. ಬಾಣ ಇಲ್ಲಿ ಕೊಡಿ." ಅಂಥದ್ದನ್ನು ಆ ಕೋಣೆಯಲ್ಲಿ ಯಾರೂ ಕೇಳಿದ್ದಿಲ್ಲ. ಅವರು ಅವಳನ್ನೇ ನೋಡಿದರು. ಆಮೇಲೆ ಎದ್ದು, ಕುರ್ಚಿ ಬಿಟ್ಟುಕೊಟ್ಟು ಅವಳ ಜಾಗದಲ್ಲಿ ಕೂತರು. ಅವಳು ಕಣ್ಣಿಟ್ಟಳು. ಬಾವಿಗಳು ನಿಂತಿದ್ದವು. ಸೊಟ್ಟ ಬಾವಿಗಳು, ಕವಲೊಡೆದವು, ಒಂದು ಗಿಡ್ಡ, ಒಂದು ಉದ್ದ. ಬೇನೆ ತಿಂದು ಬಿಟ್ಟ ಊರು ಸುಂದರವಾಗೇನೂ ಇರಲಿಲ್ಲ. ತಳದಲ್ಲಿ ಕೂಸುಗಳು ಕಪ್ಪಗೆ ಒತ್ತಿಕೊಂಡಿದ್ದವು. ಕರುಳಿನ ಈ ಭಾಗದಲ್ಲಿ ಇರಬಾರದ ಕೆಂಪು ಕಾಳಿನ ಕಾವಲುಗಾರರೂ ಬಂದು ಕೂತಿದ್ದರು, ಬಹುಕಾಲದ ಯುದ್ಧ ನೋಡಿ ಬಂದವರು. ಅವಳು ಬಾಣವನ್ನು ತಳದಲ್ಲಿಟ್ಟು ಗೋಡೆ ಹಿಡಿದು ಹತ್ತಿಸಿದಳು. "ಇಲ್ಲಿ ಕಪ್ಪು. ಇಲ್ಲಿ ಸ್ವಲ್ಪ ಕಮ್ಮಿ. ಇಲ್ಲಿ ಲೋಳೆ ತುಂಬಿಕೊಳ್ತಿದೆ, ನೋಡಿ. ಇಲ್ಲಿ ನ್ಯೂಕ್ಲಿಯಸ್ಸುಗಳು ಕೋಶದ ತಳಕ್ಕೆ ಸರಿದು ಸಾಲಾಗಿವೆ. ಇದು ಕಟ್ಟೆ. ಕಟ್ಟೆ ಮೇಲೆ ಶಾಂತ." ಇನ್ನೊಂದು ಬಾವಿ, ಅದೂ ಹಾಗೇ. ಇನ್ನೊಂದು. ಅಂಚಿನಲ್ಲಿದ್ದ ಕೊನೆಯದರ ಬಳಿ ಅವಳು ನಿಂತಳು, ತಾನಾಗಿ ನಿಂತಳು. ಅದಕ್ಕೆ ಮೇಲುಭಾಗವೇ ಇರಲಿಲ್ಲ; ತುಣುಕು ಅಷ್ಟಕ್ಕೇ ಮುಗಿದಿತ್ತು. "ಇದೊಂದು ಗೊತ್ತಿಲ್ಲ," ಎಂದಳು. "ಇದಕ್ಕೆ ಬಾಯಿ ಇಲ್ಲ." "ಹೂಂ," ಎಂದರು ಹಿರಿಯರು. ಆಮೇಲೆ ಸರ್ಜನ್ ಕಡೆ ತಿರುಗಿ, "ಇದರ ಮೇಲೆ ನಾನು ಕರುಳು ತೆಗೀರಿ ಅಂತ ಬರೆಯಲ್ಲಪ್ಪ. ಗಾಯ ಮಾಯ್ತಾ ಇದೆ. ಆ ಒಂದರ ಸಲುವಾಗಿ ಉರಿ ಇಳಿದ ಮೇಲೆ ಮತ್ತೆ ಕೊಳವೆ ಹಾಕಿ ನೋಡೋಣ." ಅವಳ ಕಡೆಗೆ: "ಮತ್ತೆ ಮತ್ತೆ ನೋಡ್ತಾನೇ ಇರಬೇಕಾಗುತ್ತೆ. ಬಿಡುಗಡೆ ಅಂದ್ಕೋಬೇಡಿ." "ನೋಡಿ ಸಾರ್. ಪಕ್ಕದಿಂದ ನೋಡಿ," ಎಂದಳು ಅವಳು.

ಸರ್ಜನ್ ಪೆನ್ನಿನ ಮುಚ್ಚಳ ಹಾಕಿ ಜೇಬಿಗಿಟ್ಟ. ಕೋಣೆ ಸ್ತಬ್ಧವಾಯಿತು. ಆ ಮೌನದಲ್ಲಿ, ಬೆಳಗಿನಿಂದ ಒಂದು ಗುಟುಕೂ ಕಾಣದ ಅವಳ ಹೊಟ್ಟೆ ಮೊದಲು ಮೆಲ್ಲಗೆ, ಆಮೇಲೆ ಆಳದಲ್ಲೆಲ್ಲೋ ಬಿಂದಿಗೆ ಮುಳುಗಿದ ಹಾಗೆ ಗುಳುಗುಳು ಗುಳುಗುಳು ಎಂದು ಸದ್ದು ಮಾಡಿತು. ಉದ್ದವಾದ, ಯಾರ ದಾಕ್ಷಿಣ್ಯಕ್ಕೂ ನಿಲ್ಲದ ಸದ್ದು. ಬಾಗಿಲಲ್ಲಿ ಮೇಣದಕ್ಕ ಕಣ್ಣರಳಿಸಿದಳು. ಹಿರಿಯರು ಮೂರನೆಯ ಕನ್ನಡಕಕ್ಕಾಗಿ ಜೇಬು ತಡಕಿದರು. ಅವಳ ಕಾಲು ಕುರ್ಚಿಯನ್ನು ಹಿಂದಕ್ಕೆಳೆಯಲು ನೆಲಕ್ಕೊತ್ತಿತು. ಒತ್ತಿ, ಅಲ್ಲೇ ನಿಂತಿತು. ಅವಳು ಕೆಮ್ಮಲಿಲ್ಲ. ಕಾಗದ ಮಡಚಲಿಲ್ಲ. ಸದ್ದು ತನ್ನ ಮಾತು ಪೂರ್ತಿ ಆಡಿ ಮುಗಿಸುವ ತನಕ, ಅಂಗೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡು, ತಲೆಯೆತ್ತಿ, ಒಬ್ಬೊಬ್ಬರ ಮುಖವನ್ನೂ ನೋಡುತ್ತ ಕೂತಳು. "ಹಸಿವು," ಎಂದಳು ಆಮೇಲೆ. "ಊಟಕ್ಕೆ ಯಾರು ಬರ್ತೀರಿ?"